‘ಲೋನ್ ಗ್ಯಾರಂಟಿ ಮೇಡಂ’ ಅಂದ ಮಾತ್ರಕ್ಕೆ ಅಡ್ವಾನ್ಸ್ ಕೊಡಬೇಡಿ

ಮೈಸೂರಿನಲ್ಲಿ ಫ್ಲಾಟ್ ನೋಡುತ್ತಿರುವವರು ಸ್ವಲ್ಪ ಬಿಡುವು ಮಾಡಿಕೊಂಡು ಇದನ್ನು ಓದಿ. ಹೋಮ್ ಲೋನ್ ವಿಷಯದಲ್ಲಿ ಬ್ಯಾಂಕು ಎರಡು ಸಲ ಒಪ್ಪಬೇಕು. ಮೊದಲು ನಿಮ್ಮನ್ನು, ಆಮೇಲೆ ನೀವು ಕೊಳ್ಳುವ ಮನೆಯನ್ನು. ಹುಡುಗ ಒಪ್ಪಿದ ಮಾತ್ರಕ್ಕೆ ಲಗ್ನ ಆಗಲ್ಲ, ಹುಡುಗಿ ಮನೆಯವರೂ ಒಪ್ಪಬೇಕು, ಅಲ್ವಾ? ಆದರೆ ಮೊದಲನೆಯ ಒಪ್ಪಿಗೆ ಬಂದ ಕೂಡಲೇ ಎಲ್ಲ ಮುಗಿಯಿತು ಅಂತ ಬಿಲ್ಡರ್ ಕಡೆಯವರು ನಂಬಿಸುತ್ತಾರೆ. ಅಡ್ವಾನ್ಸ್ ಎಳೆಯುವುದು ಆಗಲೇ. ನಮ್ಮ ಆರು ಲಕ್ಷ ಸಿಕ್ಕಿಹಾಕಿಕೊಂಡದ್ದು ಹೀಗೆ. ದೂರು ಇನ್ನೂ ನಡೆಯುತ್ತಿರುವುದರಿಂದ ಬಿಲ್ಡರ್ ಹೆಸರಾಗಲಿ ಬ್ಯಾಂಕಿನ ಹೆಸರಾಗಲಿ ಬರೆಯುವುದಿಲ್ಲ.

ಬೋಗಾದಿ ಕಡೆ, ರಿಂಗ್ ರೋಡ್ ದಾಟಿದ ಮೇಲೆ ಸಿಗುವ ಅಪಾರ್ಟ್‌ಮೆಂಟ್. ಕೆಳಗೆ ಪಾರ್ಕಿಂಗ್, ಮೇಲೆ ನಾಲ್ಕು ಮಹಡಿ, ಮಹಡಿಗೆ ನಾಲ್ಕು ಮನೆ. ಗೇಟಿನ ಮೇಲೆ ‘ಮುಡಾ ಅಪ್ರೂವ್ಡ್’, ‘ರೆರಾ ರಿಜಿಸ್ಟರ್ಡ್’ ಅಂತ ದೊಡ್ಡ ಬೋರ್ಡು. ಮುಡಾ ಅಂದರೆ ನಗರಾಭಿವೃದ್ಧಿ ಪ್ರಾಧಿಕಾರ, ರೆರಾ ಅಂದರೆ ಬಿಲ್ಡರುಗಳ ಮೇಲೆ ಕಣ್ಣಿಡುವ ರಿಯಲ್ ಎಸ್ಟೇಟ್ ಪ್ರಾಧಿಕಾರ. ನಾವು ಮೆಚ್ಚಿದ್ದು ನಾಲ್ಕನೇ ಮಹಡಿಯ ಎರಡು ಬೆಡ್‌ರೂಮಿನ ಮನೆ. ಬೆಲೆ 48 ಲಕ್ಷ. ಬಾಲ್ಕನಿಯಿಂದ ಚಾಮುಂಡಿ ಬೆಟ್ಟ ಕಾಣುತ್ತದೆ ಅಂದಿದ್ದರು. ಅವರು ಹೇಳಿದ್ದರಲ್ಲಿ ನಿಜವಾದದ್ದು ಅದೊಂದೇ.

ನಾನು ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ನಮ್ಮ ಯಜಮಾನರು ಹೈಸ್ಕೂಲ್ ಮೇಷ್ಟ್ರು. ಇಬ್ಬರ ಸಂಬಳ ಸೇರಿಸಿ, ಇಬ್ಬರ ಸಿಬಿಲ್ (ಹಿಂದಿನ ಸಾಲಗಳ ದಾಖಲೆ, ಸ್ಕೋರು) ನೋಡಿ, 38 ಲಕ್ಷದವರೆಗೆ ಸಾಲ ಕೊಡಬಹುದು ಅಂತ ಬ್ಯಾಂಕು ಪತ್ರ ಕೊಟ್ಟಿತು. ಉಳಿದದ್ದು ನಾವೇ ಹೊಂದಿಸಬೇಕು. ಸಾಲ 30 ಲಕ್ಷ ದಾಟಿ 75 ಲಕ್ಷದ ಒಳಗಿದ್ದರೆ ಮನೆ ಬೆಲೆಯ ಶೇ 80ಕ್ಕಿಂತ ಜಾಸ್ತಿ ಕೊಡುವಂತಿಲ್ಲ ಅನ್ನುವುದು ರಿಸರ್ವ್ ಬ್ಯಾಂಕಿನ ನಿಯಮ. ಆ ಬೆಲೆಯಲ್ಲಿ ರಿಜಿಸ್ಟ್ರೇಷನ್ ಖರ್ಚು ಸೇರುವುದಿಲ್ಲ. 45 ಲಕ್ಷ ದಾಟಿದ ಮನೆಗೆ ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ಸು, ಸರ್‌ಚಾರ್ಜು. ನೋಂದಣಿ ಶುಲ್ಕ ಶೇ 1 ಇದ್ದದ್ದು 2025ರ ಆಗಸ್ಟ್ 31ರಿಂದ ಶೇ 2 ಆಗಿದೆ. ಎಲ್ಲ ಕೂಡಿದರೆ 48 ಲಕ್ಷದ ಮನೆಗೆ ಕೈಯಿಂದ ಹದಿಮೂರು ಲಕ್ಷಕ್ಕೂ ಜಾಸ್ತಿ ಬೇಕು. ಚೀಟಿ ಎತ್ತಿ, ಪಿಎಫ್ ತೆಗೆದು, ಒಡವೆ ಇಟ್ಟು ಹೊಂದಿಸುವ ದುಡ್ಡು ಅದು.

ಬ್ಯಾಂಕ್ ಪತ್ರ ಬಂದದ್ದೇ ತಡ, ಬಿಲ್ಡರ್ ಆಫೀಸಿನ ಹುಡುಗ ಬೆನ್ನು ಹತ್ತಿದ. “ಸ್ಯಾಂಕ್ಷನ್ ಲೆಟರ್ ಬಂತಲ್ಲಾ ಮೇಡಂ, ಇನ್ನೇನು? ಲೀಗಲ್ಲು ಟೆಕ್ನಿಕಲ್ಲು ಅನ್ನೋದೆಲ್ಲ ಬರೀ ಫಾರ್ಮಾಲಿಟಿ. ನಮ್ಮ ಬಿಲ್ಡಿಂಗ್‌ಗೆ ಲೋನ್ ಗ್ಯಾರಂಟಿ. ಇನ್ನೊಂದು ಪಾರ್ಟಿ ಭಾನುವಾರ ಬರ್ತಾ ಇದಾರೆ, ಆಮೇಲೆ ನನ್ನ ಕೇಳಬೇಡಿ.” ಆ ಪತ್ರದ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ. ಆಸ್ತಿಯ ಕಾನೂನು ಪರಿಶೀಲನೆ ಮತ್ತು ತಾಂತ್ರಿಕ ಪರಿಶೀಲನೆ ಬ್ಯಾಂಕಿಗೆ ಒಪ್ಪಿಗೆಯಾದರೆ ಮಾತ್ರ ಈ ಸಾಲ ಅಂತ. ನಿಮ್ಮ ಪತ್ರದಲ್ಲೂ ಇರುತ್ತದೆ, ತೆಗೆದು ನೋಡಿ. ಅದು ಸಾಲದ ಮಂಜೂರಾತಿ ಅಲ್ಲ. ನಿಮ್ಮ ಸಂಬಳ, ಸಿಬಿಲ್ ನೋಡಿ ಇಷ್ಟರವರೆಗೆ ಕೊಡಬಹುದು ಅಂತ ಹಾಕಿದ ಅಂದಾಜು ಅಷ್ಟೇ.

ಒಂದು ಲಕ್ಷ ಬುಕಿಂಗ್ ಅಂತ, ಐದು ಲಕ್ಷ ಅಗ್ರಿಮೆಂಟ್ ಅಂತ ತೆಗೆದುಕೊಂಡರು. ಅಗ್ರಿಮೆಂಟನ್ನು ನೋಟರಿ ಮುಂದೆ ಮಾಡಿಸಿದರು. ರಿಜಿಸ್ಟರ್ ಮಾಡಿಸಿ ಅಂದಾಗ, “ಸುಮ್ನೆ ಯಾಕೆ ದುಡ್ಡು ದಂಡ ಮೇಡಂ, ನೇರ ಸೇಲ್ ಡೀಡ್ ಮಾಡಿಸೋಣ” ಅಂದರು. ಕೇಳಿದವರಿಗೆ ನಮ್ಮ ಉಳಿತಾಯದ ಬಗ್ಗೆ ಎಷ್ಟು ಕಾಳಜಿ ಅನ್ನಿಸಬೇಕು! ರೆರಾ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ರಿಜಿಸ್ಟರ್ ಆದ ಅಗ್ರಿಮೆಂಟ್ ಇಲ್ಲದೆ ಬಿಲ್ಡರ್ ಮನೆ ಬೆಲೆಯ ಶೇ 10ಕ್ಕಿಂತ ಜಾಸ್ತಿ ಮುಂಗಡ ತೆಗೆದುಕೊಳ್ಳುವಂತೆಯೇ ಇಲ್ಲ. 48 ಲಕ್ಷಕ್ಕೆ ಶೇ 10 ಅಂದರೆ 4 ಲಕ್ಷ 80 ಸಾವಿರ. ಅವರು ತೆಗೆದುಕೊಂಡದ್ದು ಆರು.

ಆಮೇಲೆ ಕಾಗದಪತ್ರ ಬ್ಯಾಂಕಿನ ಪ್ಯಾನೆಲ್ ವಕೀಲರಿಗೆ ಹೋಯಿತು, ವ್ಯಾಲ್ಯುಯೇಷನ್ ಇಂಜಿನಿಯರು ಕಟ್ಟಡ ನೋಡಲು ಬಂದರು. ಅವತ್ತು ನಾನೂ ಅಲ್ಲಿದ್ದೆ. ವಯಸ್ಸಾದವರು. ಕಂಕುಳಲ್ಲಿ ಫೈಲು, ಕೈಯಲ್ಲಿ ಅಳತೆ ಮಾಡುವ ಲೇಸರ್ ಮೆಷೀನು. ಲಿಫ್ಟ್ ಇನ್ನೂ ಹಾಕಿರಲಿಲ್ಲ, ಮೆಟ್ಟಿಲಲ್ಲೇ ಹತ್ತಿದರು. ಒಂದೊಂದು ಮಹಡಿಯಲ್ಲೂ ನಿಂತು ಉಸಿರು ತೆಗೆದುಕೊಂಡು, ಮಂಜೂರಾದ ನಕ್ಷೆ ಬಿಚ್ಚಿ, ಪೆನ್ಸಿಲಿನಲ್ಲಿ ಒಂದು ಟಿಕ್ ಹಾಕುತ್ತಿದ್ದರು. ಮೂರನೇ ಮಹಡಿಗೆ ನಕ್ಷೆ ಮುಗಿಯಿತು. ಮೆಟ್ಟಿಲು ಮುಗಿಯಲಿಲ್ಲ.

ಮೇಲೆ ಬಂದವರು ಕೇಳಿದರು, “ಇದು ಎಷ್ಟನೇ ಫ್ಲೋರ್ ಅಮ್ಮಾ?”

“ನಾಲ್ಕನೇದು ಸಾರ್.”

“ಪ್ಲಾನ್ ಪ್ರಕಾರ ಇದು ಟೆರೇಸು. ನೀರಿನ ಟ್ಯಾಂಕ್ ಇರಬೇಕಾದ ಜಾಗದಲ್ಲಿ ನಿಮ್ಮ ಅಡುಗೆಮನೆ ಇದೆ ನೋಡಿ.” ಹಾಗಂದು ಮೆಷೀನನ್ನು ಆನ್ ಕೂಡ ಮಾಡದೆ ಬ್ಯಾಗಿಗೆ ಹಾಕಿಕೊಂಡರು. ಜೊತೆಗಿದ್ದ ಬಿಲ್ಡರ್ ಕಡೆಯ ಹುಡುಗ ಯಾರಿಗೋ ಫೋನ್ ಮಾಡಬೇಕು ಅಂತ ಕೆಳಗಿಳಿದವನು ಮತ್ತೆ ಮೇಲೆ ಬರಲಿಲ್ಲ.

ಬ್ಯಾಂಕು ಸಾಲ ತಿರಸ್ಕರಿಸಿತು. ವಕೀಲರ ವರದಿಯಲ್ಲಿ ಇನ್ನೊಂದು ಕೊಕ್ಕೆಯೂ ಇತ್ತು. ಬೋಗಾದಿ 2020-21ರವರೆಗೂ ಗ್ರಾಮ ಪಂಚಾಯಿತಿ, ಆಮೇಲೆ ಪಟ್ಟಣ ಪಂಚಾಯಿತಿ ಆಯಿತು. ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳದ್ದೂ ಅದೇ ಕಥೆ. ಹೂಟಗಳ್ಳಿ ನಗರಸಭೆ ಆಯಿತು. ನಮ್ಮ ಬಿಲ್ಡರ್ ಇಟ್ಟುಕೊಂಡಿದ್ದದ್ದು ಗ್ರಾಮ ಪಂಚಾಯಿತಿ ಕಾಲದ ಜಾಗದ ಖಾತೆ. ಪಟ್ಟಣ ಪಂಚಾಯಿತಿಯ ಇ-ಖಾತೆ ಮಾಡಿಸಿರಲಿಲ್ಲ. ಈಗ ಪಟ್ಟಣದ ವ್ಯಾಪ್ತಿಯಲ್ಲಿ ಇ-ಖಾತೆ ಇಲ್ಲದೆ ರಿಜಿಸ್ಟ್ರೇಷನ್ನೇ ಆಗುವುದಿಲ್ಲ. ಹಾಗಾಗಿ ರಿಂಗ್ ರೋಡಿನ ಆಚೀಚೆ ಕೊಳ್ಳುವವರು ಖಾತೆ ಯಾವ ಕಚೇರಿಯದ್ದು, ಯಾವ ವರ್ಷದ್ದು ಅಂತ ಮೊದಲೇ ಕೇಳಿ. ಹಳೆಯ ಪಂಚಾಯಿತಿ ಕಾಗದವಾದರೆ, ಅನುಮೋದನೆ ಇಲ್ಲದ ಆಸ್ತಿಗೆ ಕೊಡುವ ನಮೂನೆ 11ಬಿ ಇದೆಯಾ ನೋಡಿ. ಇದ್ದರೆ ಅಲ್ಲೇ ನಿಲ್ಲಿಸಿ ವಕೀಲರನ್ನು ಕೇಳಿ.

ತಿರಸ್ಕಾರದ ಸುದ್ದಿಯನ್ನು ಬ್ಯಾಂಕಿನವರು ಮೊದಲು ಫೋನಿನಲ್ಲೇ ಮುಗಿಸಿದ್ದರು. “ಪಾಲಿಸಿ ಪ್ರಕಾರ ಆಗಲ್ಲ ಮೇಡಂ.” ಇಷ್ಟಕ್ಕೆ ಸುಮ್ಮನಾಗಬೇಡಿ. ಯಾವುದೇ ಸಾಲದ ಅರ್ಜಿ ತಿರಸ್ಕರಿಸಿದರೂ ಮುಖ್ಯ ಕಾರಣವನ್ನು ಬರವಣಿಗೆಯಲ್ಲಿ ತಿಳಿಸಬೇಕು ಅಂತ ರಿಸರ್ವ್ ಬ್ಯಾಂಕಿನ ಸೂಚನೆಯೇ ಇದೆ. ಮ್ಯಾನೇಜರಿಗೆ ಅದನ್ನು ಹೇಳಿ ಅರ್ಜಿ ಬರೆದುಕೊಟ್ಟು, ಪ್ರತಿಗೆ ಸೀಲ್ ಹಾಕಿಸಿಕೊಂಡು ಬಂದೆ. ಆಮೇಲೆ ಪತ್ರ ಬಂತು. ‘ಮಂಜೂರಾದ ನಕ್ಷೆಯಲ್ಲಿ ಇಲ್ಲದ ಮಹಡಿ’ ಅಂತ ಸ್ಪಷ್ಟವಾಗಿ ಇತ್ತು. ಈ ಇಡೀ ಗಲಾಟೆಯಲ್ಲಿ ನಮ್ಮ ಕೈ ಹಿಡಿದ ಕಾಗದ ಅದೊಂದೇ.

ಯಾಕೆ ಅಂದರೆ, ಬಿಲ್ಡರ್ ಹತ್ತಿರ ಹೋದಾಗ ಬಂದ ಮೊದಲ ಮಾತು, “ಲೋನ್ ರಿಜೆಕ್ಟ್ ಆಗಿದ್ದು ನಿಮ್ಮ ಪ್ರಾಬ್ಲಮ್ಮು. ಕ್ಯಾನ್ಸಲ್ ಮಾಡಿದ್ರೆ ಶೇಕಡಾ ಹತ್ತು ಕಟ್ ಆಗುತ್ತೆ.” ಅಂದರೆ 4 ಲಕ್ಷ 80 ಸಾವಿರ ಅವರಿಗೆ, ಮಿಕ್ಕ ಚಿಲ್ಲರೆ ನಮಗೆ. ಸಂಬಳ ಸಾಲದೆಯೋ ಸಿಬಿಲ್ ಕೆಟ್ಟೋ ಸಾಲ ಸಿಗದಿದ್ದರೆ ಈ ವಾದಕ್ಕೆ ಸ್ವಲ್ಪ ಬಲ ಇರುತ್ತದೆ. ಬಿಲ್ಡರ್ ತಪ್ಪಿಲ್ಲದೆ ನೀವೇ ಹಿಂದೆ ಸರಿದರೆ ಬುಕಿಂಗ್ ಹಣ ಮುರಿದುಕೊಳ್ಳುವ ಷರತ್ತು ಅಗ್ರಿಮೆಂಟಿನಲ್ಲಿ ಇದ್ದೇ ಇರುತ್ತದೆ. ಆದರೆ ಕಟ್ಟಡವೇ ಸರಿಯಿಲ್ಲ ಅಂತ ಸಾಲ ನಿಂತರೆ? ಸುಳ್ಳು ಮಾಹಿತಿ ಕೊಟ್ಟು ಮಾರಿದ್ದರೆ ಪೂರ್ತಿ ಹಣವನ್ನು ಬಡ್ಡಿ ಸಮೇತ ವಾಪಸ್ ಕೇಳಲು ರೆರಾ ಕಾಯ್ದೆಯ 12ನೇ ಸೆಕ್ಷನ್ ಅವಕಾಶ ಕೊಡುತ್ತದೆ. ಬ್ಯಾಂಕಿನ ಪತ್ರ ಮೇಜಿನ ಮೇಲಿಟ್ಟಾಗ ಧ್ವನಿ ಸ್ವಲ್ಪ ಇಳಿಯಿತು.

ಇಳಿದ ಮೇಲೆ ಸಮಾಧಾನದ ಮಾತು ಶುರು. “ಅಕ್ರಮ-ಸಕ್ರಮದಲ್ಲಿ ಸರಿಹೋಗುತ್ತೆ ಮೇಡಂ, ಮೈಸೂರಲ್ಲಿ ಯಾರು ಕಟ್ಟಿಲ್ಲ ಹೇಳಿ.” ಅಕ್ರಮ ಕಟ್ಟಡವನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ಆ ಯೋಜನೆಗೆ 2017ರ ಜನವರಿಯಲ್ಲೇ ಸುಪ್ರೀಂ ಕೋರ್ಟ್ ತಡೆ ಕೊಟ್ಟಿದೆ. “ಇಸಿ ಕ್ಲೀನ್ ಇದೆ ನೋಡಿ” ಅಂದರು. ಇಸಿಯಲ್ಲಿ, ಅಂದರೆ ಋಣಭಾರ ಪ್ರಮಾಣಪತ್ರದಲ್ಲಿ, ರಿಜಿಸ್ಟರ್ ಆದ ಮಾರಾಟ, ಅಡಮಾನ ಇಂಥವು ಬರುತ್ತವೆ. ಎಷ್ಟು ಮಹಡಿ ಕಟ್ಟಿದ್ದಾರೆ ಅಂತ ಅದರಲ್ಲಿ ಇರುವುದಿಲ್ಲ. ಬೋರ್ಡಿನ ‘ಮುಡಾ ಅಪ್ರೂವ್ಡ್’ ಕೂಡ ಕೆದಕಿ ನೋಡಿದರೆ ಬಡಾವಣೆಗೆ ಸಿಕ್ಕ ಅನುಮೋದನೆ. ಸೈಟು ಸರಿಯಿದೆ ಅಂತಾಯಿತೇ ಹೊರತು ಅದರ ಮೇಲೆ ಎದ್ದ ಕಟ್ಟಡ ಸರಿಯಿದೆ ಅಂತ ಆಗಲಿಲ್ಲ.

ಇನ್ನು ರೆರಾ. ಎಂಟಕ್ಕಿಂತ ಹೆಚ್ಚು ಮನೆಗಳ ಪ್ರಾಜೆಕ್ಟ್ ಆದ್ದರಿಂದ ರಿಜಿಸ್ಟರ್ ಮಾಡಿಸಿದ್ದರು, ನಂಬರೂ ಅಸಲಿ. ಕರ್ನಾಟಕ ರೆರಾ ವೆಬ್‌ಸೈಟಿನಲ್ಲಿ ಆ ನಂಬರ್ ಹಾಕಿ ಪ್ರಾಜೆಕ್ಟಿನ ಪುಟ ತೆರೆದರೆ ಒಟ್ಟು ಮನೆಗಳು 12 ಅಂತ ಇದೆ. ಸ್ಥಳದಲ್ಲಿ ನಿಂತಿರುವುದು 16. ನಮಗೆ ಮಾರಿದ 402ನೇ ನಂಬರಿನ ಮನೆ ಸರ್ಕಾರದ ಯಾವ ಕಾಗದದಲ್ಲೂ ಇಲ್ಲ. ಇದನ್ನು ನೋಡಲು ವಕೀಲರೂ ಬೇಡ, ಏಜೆಂಟೂ ಬೇಡ. ಮೊಬೈಲಿನಲ್ಲೇ ನೋಡಬಹುದು. ರೆರಾ ನಂಬರ್ ಇದೆಯಾ ಅಂತ ಎಲ್ಲರೂ ಕೇಳುತ್ತಾರೆ, ಒಳಗೆ ಏನು ಬರೆದಿದೆ ಅಂತ ತೆಗೆದು ನೋಡುವವರು ಕಡಿಮೆ. ಬಿಲ್ಡರುಗಳಿಗೆ ಅದು ಚೆನ್ನಾಗಿ ಗೊತ್ತು.

ಕೊನೆಗೆ ಒಬ್ಬ ಲೋನ್ ಏಜೆಂಟನ್ನು ಕರೆತಂದು ಕೂರಿಸಿದರು. ಬ್ಯಾಂಕ್ ಬೇಡ, ಫೈನಾನ್ಸ್ ಕಂಪನಿಯಿಂದ ಮಾಡಿಸೋಣ, ಬಡ್ಡಿ ಸ್ವಲ್ಪ ಜಾಸ್ತಿ ಅಷ್ಟೇ ಅಂತ. ಒಟ್ಟಿಗೇ ಮೂರು ನಾಲ್ಕು ಕಡೆ ಅರ್ಜಿ ಹಾಕೋಣ ಅಂತಲೂ ಅಂದ. ಇದಕ್ಕೆ ಮಾತ್ರ ಬೀಳಬೇಡಿ. ಸಾಲ ತಿರಸ್ಕಾರವಾಯಿತು ಅಂತ ಸಿಬಿಲ್ ರಿಪೋರ್ಟಿನಲ್ಲಿ ಬರೆಯುವುದಿಲ್ಲ, ಆದರೆ ಪ್ರತಿ ಅರ್ಜಿಗೂ ಒಂದು ಎನ್‌ಕ್ವೈರಿ, ಅಂದರೆ ಸಾಲ ಕೇಳಿದ್ದಾರೆ ಅನ್ನುವ ನಮೂದು, ದಾಖಲಾಗುತ್ತದೆ. ಹತ್ತಿರ ಹತ್ತಿರದಲ್ಲಿ ಅಂಥವು ಜಾಸ್ತಿಯಾದರೆ ಸ್ಕೋರ್ ಇಳಿಯುತ್ತದೆ. ಕಟ್ಟಡದ ದೋಷಕ್ಕೆ ನಿಮ್ಮ ಹೆಸರು ಯಾಕೆ ಕೆಡಬೇಕು? ಹೇಗೋ ಸಾಲ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ. ನಾಳೆ ಮಾರಲು ಹೋದಾಗ ಕೊಳ್ಳುವವರ ಬ್ಯಾಂಕೂ ಅದೇ ಪ್ರಶ್ನೆ ಕೇಳುತ್ತದೆ. ಕಟ್ಟಡದ ಮೇಲೆ ಸಾಲ ಕೊಡುವ ಮುಂಚೆ ಕಟ್ಟಡ ಮುಗಿದ ಕಂಪ್ಲೀಷನ್ ಪ್ರಮಾಣಪತ್ರ ಅಥವಾ ವಾಸಕ್ಕೆ ಅನುಮತಿ ಕೊಡುವ ಓಸಿ ಪರಿಶೀಲಿಸಬೇಕು ಅಂತ 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟೇ ಬ್ಯಾಂಕುಗಳಿಗೆ ಹೇಳಿದೆ. ನಕ್ಷೆಯಲ್ಲಿ ಇಲ್ಲದ ಮಹಡಿಗೆ ಓಸಿ ಎಲ್ಲಿಂದ ತರುತ್ತಾರೆ?

ತಿರಸ್ಕಾರದ ಕಾರಣ ನಿಮ್ಮ ಕಡೆಯದೇ ಆಗಿದ್ದರೆ ದಾರಿ ಬೇರೆ. ನಮ್ಮ ಆಫೀಸಿನ ಒಬ್ಬರಿಗೆ ಎಂದೋ ಮುಚ್ಚಿದ ಕ್ರೆಡಿಟ್ ಕಾರ್ಡ್ ಇನ್ನೂ ಬಾಕಿ ಅಂತ ತೋರಿಸಿ ಲೋನ್ ನಿಂತಿತ್ತು. ವರ್ಷಕ್ಕೆ ಒಂದು ಸಲ ಪೂರ್ತಿ ರಿಪೋರ್ಟನ್ನು ಸಿಬಿಲ್‌ನಂಥ ಕಂಪನಿಗಳು ಪುಕ್ಕಟೆ ಕೊಡಬೇಕು. ಅದರಲ್ಲಿ ತಪ್ಪಿದ್ದರೆ ಆನ್‌ಲೈನಿನಲ್ಲಿ ದೂರು ಹಾಕಿ. 30 ದಿನದೊಳಗೆ ಸರಿಮಾಡದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅನ್ನುವ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಮನೆ ಹುಡುಕುವ ಮುಂಚೆಯೇ ಇದನ್ನು ಮುಗಿಸಿಕೊಂಡರೆ ಒಳ್ಳೆಯದು.

ಈಗ ಬೇರೆ ಮನೆ ನೋಡುತ್ತಿದ್ದೇವೆ, ಕ್ರಮ ಬದಲಾಗಿದೆ. ದುಡ್ಡಿನ ಮಾತಿಗೆ ಮೊದಲು ಮಂಜೂರಾದ ನಕ್ಷೆ, ಇ-ಖಾತೆ, ಇಸಿ, ಹಿಂದಿನ 30 ವರ್ಷದ ಕ್ರಯಪತ್ರಗಳ ಜೆರಾಕ್ಸ್ ಕೇಳುತ್ತೇವೆ. ನಮ್ಮ ವಕೀಲರಿಗೆ ತೋರಿಸುತ್ತೇವೆ. ಕೊಡಲು ಮೀನಮೇಷ ಎಣಿಸುವವರ ಹತ್ತಿರ ಎರಡನೇ ಸಲ ಹೋಗುವುದಿಲ್ಲ. ಅಡ್ವಾನ್ಸ್ ಕೊಡುವುದಾದರೆ ಅಗ್ರಿಮೆಂಟಿನಲ್ಲಿ ಒಂದು ಸಾಲು ಇರಲೇಬೇಕು: ‘ಆಸ್ತಿಯ ದಾಖಲೆ ಅಥವಾ ಕಟ್ಟಡದ ದೋಷದಿಂದ ಬ್ಯಾಂಕ್ ಸಾಲ ದೊರೆಯದಿದ್ದಲ್ಲಿ ಮುಂಗಡ ಹಣವನ್ನು ಯಾವುದೇ ಕಡಿತವಿಲ್ಲದೆ ಹಿಂತಿರುಗಿಸತಕ್ಕದ್ದು.’ ಎಷ್ಟು ದಿನದೊಳಗೆ ಅಂತಲೂ ಹಾಕಿಸಿ. ಇತ್ತೀಚೆಗೆ ದಟ್ಟಗಳ್ಳಿಯಲ್ಲಿ ಒಬ್ಬ ಬಿಲ್ಡರ್ ಈ ಸಾಲು ನೋಡಿ ಎರಡನೇ ಮಾತಿಲ್ಲದೆ ಒಪ್ಪಿದರು. ಒಪ್ಪುವವರು ಇದ್ದಾರೆ.

ಬ್ಯಾಂಕಿಗೆ ಕಟ್ಟಿದ ಪ್ರೊಸೆಸಿಂಗ್ ಶುಲ್ಕ, ವಕೀಲರ ಮತ್ತು ವ್ಯಾಲ್ಯುಯೇಷನ್ ಖರ್ಚು ನಮಗೆ ವಾಪಸ್ ಬರಲಿಲ್ಲ. ನಮ್ಮ ಲಾಯರ್ ನೋಟಿಸ್ ಹೋದ ಮೇಲೆ ಬಿಲ್ಡರ್ ಕಡೆಯಿಂದ ನಾಲ್ಕು ಲಕ್ಷ ಬಂತು, ಎರಡು ಇನ್ನೂ ಬಾಕಿ. ರೆರಾದಲ್ಲಿ ಆನ್‌ಲೈನ್ ದೂರು ಹಾಕಿದ್ದೇವೆ. ಈ ನಡುವೆ ಬಿಲ್ಡರ್ ಕಡೆಯವರು ಒಂದು ಕಾಗದ ಕಳಿಸಿದ್ದರು. ‘ಪೂರ್ತಿ ಹಣ ಮುಟ್ಟಿದೆ, ಇನ್ನು ಯಾವ ತಕರಾರೂ ಇಲ್ಲ’ ಅಂತ ಸಹಿ ಹಾಕಿಕೊಟ್ಟು, ಮೂಲ ಅಗ್ರಿಮೆಂಟ್ ಹಿಂತಿರುಗಿಸಿದರೆ ಮಿಕ್ಕಿದ್ದನ್ನು ಮುಂದಿನ ತಿಂಗಳು ಹಾಕುತ್ತಾರಂತೆ. ನಿಮಗೂ ಇಂಥದ್ದು ಬರಬಹುದು. ದುಡ್ಡು ಅಕೌಂಟಿಗೆ ಬೀಳುವವರೆಗೆ ಸಹಿ ಹಾಕಬೇಡಿ, ಮೂಲ ಪ್ರತಿ ಕೈಬಿಡಬೇಡಿ. ನಾವು ಎರಡನ್ನೂ ಕೊಟ್ಟಿಲ್ಲ.