ಬಾವಿಗೆ ಇಳಿದ ಡೀಸೆಲ್ ಮತ್ತು ಎರಡು ವರ್ಷದ ನೀರು ಪರೀಕ್ಷೆ: ಒಂದು ಸೇವೆಯ ವಿಮರ್ಶೆ

ಕೋಲಾರ ತಾಲ್ಲೂಕಿನ ನಮ್ಮ ಹಿಪ್ಪುನೇರಳೆ ತೋಟದಲ್ಲಿ ಪಂಪ್‌ಸೆಟ್‌ಗೂ ಟ್ರ್ಯಾಕ್ಟರಿಗೂ ಬೇಕಾದ ಡೀಸೆಲ್ ತುಂಬಿಡಲು ತಂದೆಯವರು ನೆಲದಲ್ಲಿ ಹೂಳಿಸಿದ್ದ ಕಬ್ಬಿಣದ ಟ್ಯಾಂಕು ಯಾವಾಗ ತುಕ್ಕು ಹಿಡಿದು ಸೋರತೊಡಗಿತೋ ನಮಗೆ ತಿಳಿಯಲೇ ಇಲ್ಲ. ಪಕ್ಕದ ತೆರೆದ ಬಾವಿ ಆಗಲೇ ಬತ್ತಿತ್ತು. ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ಕೋಲಾರದತ್ತ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರಿಂದ ಕೆರೆಗಳಿಗೆ ಬರತೊಡಗಿ, ಕೆಲವು ವರ್ಷಗಳಲ್ಲಿ ಅಂತರ್ಜಲ ಮೇಲೇರಿ ಬಾವಿಯಲ್ಲಿ ಮತ್ತೆ ನೀರು ಕಂಡಾಗ ಮನೆಯವರೆಲ್ಲ ಸಂತೋಷಪಟ್ಟೆವು. ಆದರೆ ಆ ನೀರಿನ ಮೇಲೆ ಕಾಮನಬಿಲ್ಲಿನಂಥ ಪದರ ತೇಲುತ್ತಿತ್ತು. ಒಣಗಿದ ಗರಸಿನಲ್ಲಿ ಅಂಟಿಕೊಂಡಿದ್ದ ಹಳೆಯ ಡೀಸೆಲ್ಲನ್ನು ಏರಿದ ನೀರು ಎತ್ತಿ ತಂದಿತ್ತು.

ಇದಕ್ಕಾಗಿ ನಾವು ಗೊತ್ತುಮಾಡಿದ್ದು ಮಣ್ಣು ಮತ್ತು ಅಂತರ್ಜಲದ ಮಾಲಿನ್ಯವನ್ನು ಪರೀಕ್ಷಿಸುವ ಬೆಂಗಳೂರಿನ ಒಂದು ಖಾಸಗಿ ಸಂಸ್ಥೆಯನ್ನು. ಮೆಚ್ಚುಗೆಯ ಜೊತೆಗೆ ದೂರೂ ಇರುವುದರಿಂದ ಸಂಸ್ಥೆಯ ಹೆಸರನ್ನು ಬರೆಯುತ್ತಿಲ್ಲ. ಇಂಥ ಸೇವೆಯಲ್ಲಿ ಏನನ್ನು ಕೇಳಿ ಪಡೆಯಬೇಕು ಎಂಬುದು ನಮ್ಮ ಭಾಗದ ರೈತರಿಗೆ ತಿಳಿದರೆ ಸಾಕು.

ಇವರಿಗಿಂತ ಮೊದಲು ಬಂದಿದ್ದವರೊಬ್ಬರು ಬಾವಿಗೆ ಸುರಿಯುವ ಬ್ಯಾಕ್ಟೀರಿಯಾ ಪುಡಿಯನ್ನು ಮಾರಲು ನೋಡಿದ್ದರು. ಈ ಸಂಸ್ಥೆಯ ಎಂಜಿನಿಯರಮ್ಮ ಅದು ಬೇಡವೆಂದರು. ಡೀಸೆಲ್ ತಿನ್ನುವ ಜೀವಿಗಳು ನಿಮ್ಮ ಮಣ್ಣಿನಲ್ಲೇ ಇರುತ್ತವೆ, ಅವಕ್ಕೆ ಉಸಿರಾಡಲು ಏನು ಸಿಗುತ್ತಿದೆ ಎಂಬುದನ್ನು ಮೊದಲು ನೋಡೋಣ ಎಂಬುದು ಅವರ ಮಾತು. ಆದರೆ ಟ್ಯಾಂಕನ್ನೂ ಅದರ ಸುತ್ತ ಡೀಸೆಲ್ ಹೀರಿ ಕಪ್ಪಾದ ಮಣ್ಣನ್ನೂ ಅಗೆದು ತೆಗೆಯದೆ ಮುಂದಿನ ಕೆಲಸಕ್ಕೆ ಕೈಹಾಕುವುದಿಲ್ಲ ಎಂದು ಅಷ್ಟೇ ಖಡಾಖಂಡಿತವಾಗಿ ಹೇಳಿದರು. ಮಣ್ಣಿನ ಜೀವಿಗಳೇ ಮಾಲಿನ್ಯವನ್ನು ಒಡೆಯಲು ಬಿಟ್ಟು ಅದನ್ನು ಅಳೆಯುತ್ತ ಹೋಗುವ ಈ ವಿಧಾನಕ್ಕೆ ಸಹಜ ವಿಘಟನೆ ಎನ್ನುತ್ತಾರೆ; ಸೋರುವ ಮೂಲವನ್ನು ಹಾಗೆಯೇ ಬಿಟ್ಟು ಪ್ರಕೃತಿಯೇ ಸರಿಮಾಡಲಿ ಎನ್ನುವುದು ಅದರ ಅರ್ಥವಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1999ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಸಹಜ ವಿಘಟನೆಯನ್ನು ನಿಗಾ ಇಟ್ಟು ನಡೆಸಬೇಕಾದ ಕೆಲಸವೆಂದೇ ಪರಿಗಣಿಸುತ್ತದೆ, ಕೈಕಟ್ಟಿ ಕೂರುವ ದಾರಿಯೆಂದಲ್ಲ.

ನೀರಿನ ಮಾದರಿ ತೆಗೆಯುವುದರಲ್ಲಿ ಇವರ ಶಿಸ್ತು ನನಗೆ ಎಲ್ಲಕ್ಕಿಂತ ಹಿಡಿಸಿತು. ಅಂತರ್ಜಲ ಬಾವಿಯತ್ತ ಹರಿದು ಬರುವ ಮೇಲಿನ ಕಡೆ ಒಂದು, ಅದು ಮುಂದೆ ಹರಿದು ಹೋಗುವ ದಿಕ್ಕಿನಲ್ಲಿ ಎರಡು, ಹೀಗೆ ಮೂರು ವೀಕ್ಷಣಾ ಕೊಳವೆಗಳನ್ನು ಕೊರೆಸಿದ್ದರು. ಮಾದರಿ ತೆಗೆಯಲು ಬಂದ ಹುಡುಗ 40 ಮಿಲಿಲೀಟರಿನ ಪುಟ್ಟ ಗಾಜಿನ ಸೀಸೆಯನ್ನು ಅಂಚು ಉಬ್ಬುವಷ್ಟು ತುಂಬಿ, ಮುಚ್ಚಳ ತಿರುಗಿಸಿ, ತಲೆಕೆಳಗು ಮಾಡಿ ಬೆರಳಿನಿಂದ ತಟ್ಟಿ ಬಿಸಿಲಿಗೆ ಹಿಡಿದು ನೋಡುತ್ತಿದ್ದ. ಕಡಲೆಕಾಳಿನಷ್ಟು ಗುಳ್ಳೆ ಕಂಡರೂ ಚೆಲ್ಲಿ ಹೊಸ ಸೀಸೆ ತೆಗೆಯುತ್ತಿದ್ದ. "ಗಾಳಿ ಇದ್ರೆ ಎಣ್ಣೆಯ ಆವಿ ಅದರೊಳಕ್ಕೆ ಹೋಗಿಬಿಡ್ತದೆ ಅಣ್ಣಾ, ಲೆಕ್ಕ ಕಮ್ಮಿ ಬರ್ತದೆ" ಎಂದ.

ವರದಿಯಲ್ಲಿ ಡೀಸೆಲ್ ಎಷ್ಟಿದೆ ಎಂಬುದರ ಜೊತೆಗೆ, ಅದನ್ನು ಯಾರು ಒಡೆಯುತ್ತಿದ್ದಾರೆ ಎಂಬುದಕ್ಕೂ ಸಾಕ್ಷಿ ಇತ್ತು. ಡೀಸೆಲ್ ತಿನ್ನುವ ಸೂಕ್ಷ್ಮಜೀವಿಗಳು ಉಸಿರಾಡಲು ಮೊದಲು ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಬಳಸುತ್ತವೆ. ಅದು ಮುಗಿದ ಮೇಲೆ ನೈಟ್ರೇಟ್, ನಂತರ ಮ್ಯಾಂಗನೀಸ್, ಕಬ್ಬಿಣ, ಸಲ್ಫೇಟ್, ಕೊನೆಗೆ ಮೀಥೇನ್ ಹುಟ್ಟುವ ಹಂತ. ನಮ್ಮ ಮೇಲಿನ ಕೊಳವೆಯಲ್ಲಿದ್ದ ನೈಟ್ರೇಟ್ ಬಾವಿಯ ಹತ್ತಿರದ ಕೊಳವೆಯಲ್ಲಿ ಬಹುತೇಕ ಇರಲಿಲ್ಲ. ಅದೇ ಕೊಳವೆಯಿಂದ ಬಕೆಟ್ಟಿಗೆ ಎತ್ತಿದ ತಿಳಿನೀರು ಅರ್ಧ ಗಂಟೆಯಲ್ಲಿ ಇಟ್ಟಿಗೆ ಪುಡಿ ಕದಡಿದಂತೆ ಕೆಂಪಾಗುವುದನ್ನು ನಾನೇ ನೋಡಿದೆ. ಗಾಳಿಯಿಲ್ಲದ ನೆಲದಾಳದಲ್ಲಿ ಜೀವಿಗಳು ಕರಗಿಸಿದ್ದ ಕಬ್ಬಿಣ ಗಾಳಿ ತಾಗಿ ಮತ್ತೆ ತುಕ್ಕಾಗುತ್ತಿತ್ತು. ಇನ್ನೊಂದು ಸಾಕ್ಷಿ ಡೀಸೆಲ್ಲಿನಲ್ಲೇ ಇತ್ತು. ಹೆಪ್ಟಾಡೆಕೇನ್ ಎಂಬ ನೇರ ಸರಪಳಿಯ ಅಣು ಮತ್ತು ಪ್ರಿಸ್ಟೇನ್ ಎಂಬ ಕವಲೊಡೆದ ಅಣು ಹೆಚ್ಚುಕಡಿಮೆ ಒಂದೇ ಬಿಸಿಗೆ ಆವಿಯಾಗುತ್ತವೆ. ಬರೀ ಆವಿಯಾಗಿ ಹೋಗಿದ್ದರೆ ಎರಡೂ ಒಟ್ಟಿಗೆ ಕಡಿಮೆಯಾಗಬೇಕಿತ್ತು. ನಮ್ಮಲ್ಲಿ ನೇರ ಸರಪಳಿ ಕಡಿಮೆಯಾಗುತ್ತ ಬಂದು ಕವಲು ಅಣು ಉಳಿದಿತ್ತು, ಅಂದರೆ ತಿನ್ನಲು ಸುಲಭವಾದುದನ್ನು ಜೀವಿಗಳು ಮೊದಲು ತಿಂದಿದ್ದವು. ಅಂಥ ಒಂದು ಅನುಪಾತವನ್ನು ಎದುರು ಕೂತು ವಿವರಿಸುವ ತಾಳ್ಮೆ ಇವರಿಗಿತ್ತು.

ನೆರೆಯ ಹಿರಿಯರೊಬ್ಬರು ನಮ್ಮ ಭಾಗದ ನೀರಿನಲ್ಲಿರುವ ಫ್ಲೋರೈಡ್‌ಗೂ ಇದೇ ಉಪಾಯ ನಡೆಯುತ್ತದೆಯೇ ಎಂದು ಕೇಳಿದಾಗ, ಇಲ್ಲವೆಂದು ನೇರವಾಗಿ ಹೇಳಿದರು. ಫ್ಲೋರೈಡನ್ನು ಒಡೆದು ಇಲ್ಲವಾಗಿಸುವ ಜೀವಿಯಿಲ್ಲ, ಅದನ್ನು ಶೋಧಿಸಿ ತೆಗೆಯಬೇಕು ಅಥವಾ ಬೇರೆ ನೀರು ಕುಡಿಯಬೇಕು. ಕೆಜಿಎಫ್‌ನ ಚಿನ್ನದ ಗಣಿಯಿಂದ ಉಳಿದ ಸೈನೈಡ್ ದಿಬ್ಬಗಳ ವಿಷಯಕ್ಕೂ ಈ ಭೇದ ಅನ್ವಯಿಸುತ್ತದೆ: ಸೈನೈಡ್ ಬಿಸಿಲು ಗಾಳಿಗೆ ಒಡೆಯಬಲ್ಲದು, ಅದಿರಿನ ಜೊತೆ ಬಂದ ಲೋಹಗಳು ಒಡೆಯುವುದಿಲ್ಲ.

ಈಗ ದೂರುಗಳು. ಮೊದಲನೆಯ ವರ್ಷ ಇವರು ಬೇಸಿಗೆಯಲ್ಲಿ ಮಾತ್ರ ಬಂದು ಹೋದರು. ನೀರು ಏರಿಳಿಯುವ ನೆಲದಲ್ಲಿ ಮಳೆಗಾಲದ ಮೊದಲು ಮತ್ತು ನಂತರದ ಅಳತೆಗಳನ್ನು ಹೋಲಿಸದೆ, ಮಾಲಿನ್ಯ ನಿಜವಾಗಿ ಒಡೆದು ಹೋಯಿತೋ ಹೊಸ ನೀರಿನಲ್ಲಿ ತೆಳುವಾಯಿತೋ ಎಂದು ಹೇಳಲಾಗದು. ಎರಡನೆಯದು ಇನ್ನೂ ಗಂಭೀರವಾದುದು. ಇವರು ಉದಾಹರಣೆಯಾಗಿ ತೋರಿಸಿದ್ದು ಅಮೆರಿಕದ ಮಿನ್ನೆಸೋಟ ರಾಜ್ಯದ ಬೆಮಿಜಿಯನ್ನು. 1979ರ ಆಗಸ್ಟಿನಲ್ಲಿ ಪೈಪ್‌ಲೈನ್ ಒಡೆದು ಸುಮಾರು 17 ಲಕ್ಷ ಲೀಟರ್ ಕಚ್ಚಾ ತೈಲ ಚೆಲ್ಲಿದ ಅಲ್ಲಿ, ವಿಜ್ಞಾನಿಗಳು ದಶಕಗಳಿಂದ ಈ ವಿಘಟನೆಯನ್ನು ಅಳೆಯುತ್ತಿದ್ದಾರೆ. ಆದರೆ ಅದು ಮರಳು ನೆಲ. ನಮ್ಮದು ಮೇಲೆ ಗರಸು, ಕೆಳಗೆ ಬಂಡೆ; ಬಂಡೆಯ ಬಿರುಕಿಗೆ ಸಿಕ್ಕ ನೀರು ಎತ್ತ ಓಡುತ್ತದೆಂದು ಮೇಲ್ಪದರದಲ್ಲಷ್ಟೇ ಇರುವ ಆ ಮೂರು ವೀಕ್ಷಣಾ ಕೊಳವೆಗಳು ಹೇಳಲಾರವು. ಮನೆಗೆ ನೀರು ಕೊಡುವ, ಸಾವಿರ ಅಡಿಗೂ ಮೀರಿದ ಕೊಳವೆಬಾವಿಯನ್ನು ಎರಡು ವರ್ಷದಲ್ಲಿ ಒಂದೇ ಸಲ ಪರೀಕ್ಷಿಸಿದರು. ಮೇಲ್ಪದರದ ನೀರು ಒಳನುಗ್ಗದಂತೆ ತಡೆಯುವ ಅದರ ಕೇಸಿಂಗ್ ಪೈಪು ಎಷ್ಟು ಅಡಿಗೆ ನಿಂತಿದೆ ಎಂದು ನಾನು ಕೇಳುವವರೆಗೆ ಕೇಳಲಿಲ್ಲ. ಆ ಒಂದು ಪರೀಕ್ಷೆಯಲ್ಲಿ ಡೀಸೆಲ್ ಕಾಣಲಿಲ್ಲವೆಂಬುದು ನಮ್ಮ ಪುಣ್ಯ, ಅವರ ಜಾಗರೂಕತೆಯಲ್ಲ. ವರದಿ ಪೂರ್ತಿ ಇಂಗ್ಲಿಷಿನಲ್ಲಿತ್ತೆಂಬುದನ್ನೂ ಹೇಳಲೇಬೇಕು, ಏಕೆಂದರೆ ಆ ಕೊಳವೆಬಾವಿಯ ನೀರನ್ನು ದಿನವೂ ಬಳಸುವ ನಮ್ಮ ತಾಯಿಯವರಿಗೆ ಅದನ್ನು ಓದಿ ಹೇಳಲು ನನಗೆ ಒಂದು ವಾರ ಬೇಕಾಯಿತು.

ಮೂರನೆಯ ವರ್ಷಕ್ಕೂ ಇವರನ್ನೇ ಒಪ್ಪಿಕೊಂಡಿದ್ದೇವೆ. ಕೊಳವೆಬಾವಿಯನ್ನು ಮುಂಗಾರಿನ ಮೊದಲೊಮ್ಮೆ, ಹಿಂಗಾರಿನ ನಂತರವೊಮ್ಮೆ ಪರೀಕ್ಷಿಸುವುದು ಮತ್ತು ಫಲಿತಾಂಶವನ್ನು ಕನ್ನಡದಲ್ಲಿ ಬರೆದುಕೊಡುವುದು ಒಪ್ಪಂದದಲ್ಲಿ ಸೇರಿದೆ. ತೆರೆದ ಬಾವಿಯ ನೀರನ್ನು ಹಿಪ್ಪುನೇರಳೆಗೆ ಇನ್ನೂ ಬಿಟ್ಟಿಲ್ಲ. ಎರಡು ಮಳೆಗಾಲದ ಫಲಿತಾಂಶ ಒಂದರ ಹಿಂದೊಂದು ಚೊಕ್ಕಟವಾಗಿ ಬಂದ ಮೇಲೆಯೇ ಬಿಡುತ್ತೇವೆ.