ಆಟಿಸಂ ಮಕ್ಕಳಿಗೆ ‘ಸೋಷಿಯಲ್ ಸ್ಕಿಲ್ಸ್ ಗೇಮ್’ ಅಂತ ಕಾಲ್ ಬಂದ್ರೆ ದುಡ್ಡು ಕಟ್ಟೋ ಮುಂಚೆ ಇದನ್ನ ಓದಿ

ಗೇಮ್ ಮಾರೋ ಕಂಪನಿ ಹೆಸರು ಹಾಕಲ್ಲ, ಹಾಕಿದ್ರೆ ನೋಟಿಸ್ ಕಳಿಸ್ತೀವಿ ಅಂತ ಆಗ್ಲೇ ಹೆದರ್ಸಿದಾರೆ. ಆದ್ರೆ ಥೆರಪಿಗೆ ವೇಟಿಂಗ್ ಲಿಸ್ಟಲ್ಲಿ ಕಾಯ್ತಿರೋ ಅಪ್ಪ ಅಮ್ಮಂದ್ರನ್ನೇ ಹುಡುಕಿ ಫೋನ್ ಮಾಡ್ತಾರೆ ಇವ್ರು, ಅದಕ್ಕೇ ಬರೀತಿದೀನಿ.

ನನ್ನ ಮಗನಿಗೆ ಆರು ವರ್ಷ. ಮಾತಾಡ್ತಾನೆ, ಬೇರೆ ಮಕ್ಕಳ ಜೊತೆ ಸೇರೋದೇ ಕಷ್ಟ. ‘ಫ್ರೀ ಅಸೆಸ್ಮೆಂಟ್’ ಅಂತ ವಿಡಿಯೋ ಕಾಲಲ್ಲಿ ಒಬ್ಬ ಮೇಡಂ ಬಂದ್ರು, ಅವನ ಹತ್ರ ಏನೇನೋ ಕೇಳಿ, ಮೂರು ತಿಂಗಳಲ್ಲಿ ಫ್ರೆಂಡ್ಸ್ ಮಾಡ್ಕೊಳ್ತಾನೆ ಗ್ಯಾರಂಟಿ, ಆಫರ್ ಇವತ್ ರಾತ್ರಿ ತನಕ ಮಾತ್ರ ಅಂದ್ರು. ಮೂವತ್ತೆಂಟು ಸಾವಿರ, ನೋ ಕಾಸ್ಟ್ ಇಎಂಐ. ಓಟಿಪಿ ಬರೀ ವೆರಿಫಿಕೇಶನ್‌ಗೆ ಅಂದ್ರು. ಅದು ಸಾಲ ಅಂತ ಗೊತ್ತಾಗಿದ್ದು ಫೈನಾನ್ಸ್ ಕಂಪನಿಯಿಂದ ಮೆಸೇಜ್ ಬಂದಾಗ.

ಗೇಮ್ ಏನಪ್ಪಾ ಅಂದ್ರೆ ಕಾರ್ಟೂನ್ ಮುಖ ಬರುತ್ತೆ, ಖುಷಿನಾ ಬೇಜಾರಾ ಕೋಪಾನಾ ಒತ್ಬೇಕು, ಸರಿಯಾದ್ರೆ ಸ್ಟಾರ್, ಚಪ್ಪಾಳೆ. ಮಗ ಪಟಪಟ ಅಂತ ಲೆವೆಲ್ ದಾಟ್ತಿದ್ದ, ನಾನೂ ಊರಿಗೆಲ್ಲ ಹೇಳ್ಕೊಂಡ್ ಓಡಾಡ್ದೆ. ಒಂದಿನ ಸಂಜೆ ನಮ್ಮೆಜಮಾನ್ರು ನಗ್ತಾ ನಗ್ತಾ ಮನೆಗೆ ಬಂದ್ರು, ಇವನು ನೋಡಿ ‘ಪಪ್ಪ ಸ್ಯಾಡ್’ ಅಂದ. ಯಾಕೋ ಅಂತ ಯೋಚ್ನೆ ಮಾಡಿ ಗೇಮ್ ತೆಗೆದು ನೋಡಿದ್ರೆ ಅದರಲ್ಲಿ ಬೇಜಾರಾಗಿರೋ ಹುಡುಗನಿಗೆ ಪ್ರತಿ ಸಲಾನೂ ನೀಲಿ ಅಂಗಿ! ಇವ್ರೂ ಅವತ್ತು ನೀಲಿ ಅಂಗಿ. ಮಗ ಮುಖ ನೋಡ್ತಾನೇ ಇರ್ಲಿಲ್ಲ ಸ್ವಾಮಿ, ಅಂಗಿ ನೋಡಿ ಒತ್ತುತ್ತಿದ್ದ. ಅಂಗಿ ಕಾಣದ ಹಾಗೆ ಬೆರಳಿಟ್ಟು ಕೇಳ್ದೆ, ಸುಮ್ನೆ ಎದ್ದು ಹೋದ.

ಸ್ಕ್ರೀನ್‌ಶಾಟ್ ಸಮೇತ ಕಳಿಸ್ದೆ. ಅವ್ರ ಉತ್ತರ: ‘ಡಿಯರ್ ಪೇರೆಂಟ್, ಡ್ಯಾಶ್‌ಬೋರ್ಡಲ್ಲಿ ಎಮೋಷನ್ ಸ್ಕೋರ್ 92% ಇದೆ, ಮನೇಲಿ ನಿಮ್ಮ ಸಪೋರ್ಟ್ ಸಾಲ್ತಿಲ್ಲ’. ನನ್ನ ಸಪೋರ್ಟ್ ಸಾಲ್ತಿಲ್ವಂತೆ! ಆ ಮೇಡಮ್ಮಿನ ಆರ್‌ಸಿಐ ನಂಬರ್ (ಇಂಥ ಮಕ್ಕಳ ಜೊತೆ ಕೆಲ್ಸ ಮಾಡೋರು ಭಾರತೀಯ ಪುನರ್ವಸತಿ ಪರಿಷತ್ತಲ್ಲಿ ಮಾಡಿಸ್ಕೊಳ್ಳೋ ನೋಂದಣಿ ನಂಬರ್) ಕೊಡಿ ಅಂದೆ. ‘ನಾವು ಥೆರಪಿ ಅಂತ ಎಲ್ಲೂ ಹೇಳಿಲ್ಲ ಮ್ಯಾಮ್, ಇದು ಲರ್ನಿಂಗ್ ಗೇಮ್’. ಅಡ್ವರ್ಟೈಸ್ಮೆಂಟಲ್ಲಿ ದೊಡ್ಡಕ್ಷರದಲ್ಲಿ ಥೆರಪಿ ಅಂತಾನೇ ಇದೆ. ರಿಫಂಡ್ ಕೇಳಿದ್ರೆ ‘ಲೋನ್ ನಿಮಗೂ ಫೈನಾನ್ಸ್ ಕಂಪನಿಗೂ ಸಂಬಂಧಪಟ್ಟಿದ್ದು’.

ಗೇಮೇ ಕೆಟ್ಟದ್ದು ಅಂತಿಲ್ಲ. ಈಗ ಹೋಗ್ತಿರೋ ಥೆರಪಿಸ್ಟೂ ಟ್ಯಾಬ್ ಬಳಸ್ತಾರೆ, ಆದ್ರೆ ಇನ್ನೊಂದು ಮಗೂನ ಪಕ್ಕ ಕೂರಿಸಿ ‘ಈಗ ನಿನ್ ಸರದಿ, ಈಗ ಅವಳ ಸರದಿ’ ಅಂತ ಆಡಿಸ್ತಾರೆ, ಕಾರ್ಟೂನ್ ಬದಲು ನಮ್ಮನೆಯವ್ರದ್ದೇ ಫೋಟೋ ಹಾಕಿಸಿದಾರೆ. ಸ್ಕ್ರೀನಲ್ಲಿ ಕಲಿತಿದ್ದು ತಾನಾಗೇ ಮನೆಗೆ, ಸ್ಕೂಲಿಗೆ ಬರಲ್ಲ ಅನ್ನೋದು ಅವ್ರು ಮೊದಲ ದಿನಾನೇ ಹೇಳಿದ್ರು. ಫ್ರೀಯಾಗಿ.

ದುಡ್ಡು ಕೊಡೋ ಮುಂಚೆ ಪುನರ್ವಸತಿ ಪರಿಷತ್ತಿನ ವೆಬ್‌ಸೈಟಲ್ಲಿ ಅವ್ರ ಹೆಸರಿದ್ಯಾ ನೋಡಿ. ಇಎಂಐ ಅಂದ ತಕ್ಷಣ ಫೋನ್ ಇಡಿ. ಕಾದ್ರೂ ಪರ್ವಾಗಿಲ್ಲ, ನಿಮ್ಹಾನ್ಸೋ, ಮೈಸೂರಿನ ವಾಕ್ ಶ್ರವಣ ಸಂಸ್ಥೆಯೋ, ಅಲ್ಲಿ ತೋರಿಸಿ. ನಾನು ಗ್ರಾಹಕರ ಸಹಾಯವಾಣಿ 1915ಕ್ಕೆ ಕಂಪ್ಲೇಂಟ್ ಕೊಟ್ಟಿದೀನಿ, ಇನ್ನೂ ಏನೂ ಆಗಿಲ್ಲ, ಕಂತು ಕಟ್ ಆಗ್ತಾನೇ ಇದೆ. ನಿನ್ನೆ ಬೇರೆ ನಂಬರಿಂದ ಮತ್ತೆ ಅವರದ್ದೇ ಕಾಲ್, ಎರಡನೇ ಮಗು ಇದ್ರೆ ಡಿಸ್ಕೌಂಟ್ ಕೊಡ್ತಾರಂತೆ.