ನ್ಯೂ ಹ್ಯಾಂಪ್‌ಶೈರ್ ಶಾಸಕರ ಅಂಕಪಟ್ಟಿಗಳು: ಹಲವು ಅಧಿವೇಶನ ಬಳಸಿದ ಮೇಲೆ

ಸದನದ ಆಯ್ದ ಮತಗಳಲ್ಲಿ ಯಾವ ಶಾಸಕರು ತಮ್ಮ ಪ್ರಕಾರ ‘ಸರಿ’ ಮತ ಹಾಕಿದರು ಎಂದು ಎಣಿಸಿ, ಒಬ್ಬೊಬ್ಬರಿಗೂ ಅಂಕ ಕೊಟ್ಟು ಗುಂಪುಗಳು ಹೊರಡಿಸುವ ಪಟ್ಟಿಗಳಿವು. ಬೆಲೆ: ಉಚಿತ. ಒಟ್ಟಾರೆ 5ಕ್ಕೆ 3. ಮತಗಳ ಪಟ್ಟಿಗೆ 4 ಕೊಡಬಹುದು, ಪಟ್ಟಿಯ ತುದಿಯಲ್ಲಿ ಬರುವ ಶೇಕಡಾವಾರು ಅಂಕಕ್ಕೆ 2 ಕೊಟ್ಟರೆ ಹೆಚ್ಚು.

ಅಮೆರಿಕದ ಈ ಪುಟ್ಟ ರಾಜ್ಯದ ಕೆಳಮನೆಯಲ್ಲಿ 400 ಸದಸ್ಯರು, ಮೇಲ್ಮನೆಯಲ್ಲಿ 24. ಸುಮಾರು 3,400 ಜನರಿಗೆ ಒಬ್ಬ ಪ್ರತಿನಿಧಿ. ಎರಡು ವರ್ಷದ ಅವಧಿಗೆ ಸಂಬಳ 200 ಡಾಲರ್, ಅದೂ ರಾಜ್ಯದ ಸಂವಿಧಾನದಲ್ಲೇ ಬರೆದಿಟ್ಟದ್ದು. ಕ್ಷೇತ್ರಕ್ಕೊಬ್ಬರೇ ಸದಸ್ಯರೂ ಅಲ್ಲ: ಡೆರ್ರಿ ಪಟ್ಟಣದ ಮತದಾರರು ಒಂದೇ ಮತಪತ್ರದಲ್ಲಿ 10 ಜನರನ್ನು ಆರಿಸಬೇಕು. ಇಷ್ಟು ಜನ ರಾಜಧಾನಿ ಕಾಂಕರ್ಡ್‌ನಲ್ಲಿ ಕೂತು ಯಾವುದಕ್ಕೆ ಹೂಂ ಅಂದರು, ಯಾವುದಕ್ಕೆ ಊಹೂಂ ಅಂದರು ಎಂದು ಪತ್ರಿಕೆಗಳು ಬರೆಯುವುದಿಲ್ಲ. ಆ ಜಾಗ ತುಂಬಲು ಹುಟ್ಟಿದವೇ ಈ ಅಂಕಪಟ್ಟಿಗಳು.

ಇಲ್ಲಿ ಮುಖ್ಯವಾಗಿ ನೋಡುತ್ತಿರುವುದು ಎರಡನ್ನು. ಒಂದು, ಹೌಸ್ ರಿಪಬ್ಲಿಕನ್ ಅಲೈಯನ್ಸ್‌ನದು. ಇದು ಕೆಳಮನೆಯ ರಿಪಬ್ಲಿಕನ್ ಸದಸ್ಯರದೇ ಒಂದು ಗುಂಪು. ಅಳತೆಗೋಲು ಪಕ್ಷದ ರಾಜ್ಯ ಪ್ರಣಾಳಿಕೆ ಮತ್ತು ಸಂವಿಧಾನ. ಇನ್ನೊಂದು, 2003ರಲ್ಲಿ ಶುರುವಾದ ನ್ಯೂ ಹ್ಯಾಂಪ್‌ಶೈರ್ ಲಿಬರ್ಟಿ ಅಲೈಯನ್ಸ್‌ನದು. ಇದು ಪಕ್ಷ ನೋಡುವುದಿಲ್ಲ, ವ್ಯಕ್ತಿಸ್ವಾತಂತ್ರ್ಯವನ್ನು ಮಾನದಂಡವಾಗಿಟ್ಟುಕೊಂಡು ಎರಡೂ ಪಕ್ಷದವರಿಗೆ ಎ ಇಂದ ಎಫ್‌ವರೆಗೆ ಶ್ರೇಣಿ ಕೊಡುತ್ತದೆ. ಸದನದಲ್ಲಿ ಮತದಾನ ಇರುವ ದಿನ ಬೆಳಿಗ್ಗೆ ಶಾಸಕರ ಕೈಗೆ ಬಂಗಾರದ ಬಣ್ಣದ ಹಾಳೆಯಲ್ಲಿ ‘ಗೋಲ್ಡ್ ಸ್ಟ್ಯಾಂಡರ್ಡ್’ ಎಂಬ ಶಿಫಾರಸು ಕೊಡುವ ಪದ್ಧತಿ ಇವರದು. ಯಾವ ಮಸೂದೆಗೆ ಯಾವ ಮತ ‘ಸರಿ’ ಎಂದು ಮೊದಲೇ ಹೇಳಿಬಿಡುವುದು ಈ ಪದ್ಧತಿಯ ದೊಡ್ಡ ಗುಣ. ಫಲಿತಾಂಶ ನೋಡಿಕೊಂಡು, ಬೇಕಾದವರನ್ನು ಬೀಳಿಸುವಂಥ ಮತಗಳನ್ನು ಆಮೇಲೆ ಹೆಕ್ಕಿದ ಪಟ್ಟಿಗಿಂತ ಇದು ಎಷ್ಟೋ ಮೇಲು.

ಮೊದಲು ಕೈಕೊಡುವುದು ನಿರ್ಣಯದ ದಿಕ್ಕು. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಪ್ರತಿಯೊಂದು ಮಸೂದೆಯೂ ಸಾರ್ವಜನಿಕ ವಿಚಾರಣೆ ಮುಗಿಸಿ, ಸಮಿತಿಯ ಶಿಫಾರಸು ಹೊತ್ತು ಸದನಕ್ಕೆ ಬರಲೇಬೇಕು. ಸಮಿತಿಯ ಅಧ್ಯಕ್ಷರು ಅದನ್ನು ಬೀರುವಿನಲ್ಲಿ ಇಟ್ಟು ಮರೆಯುವಂತಿಲ್ಲ. ಸದನ ಮೊದಲು ಮತ ಹಾಕುವುದು ಆ ಶಿಫಾರಸಿನ ನಿರ್ಣಯದ ಮೇಲೆ. ಶಿಫಾರಸು ‘ಆಟ್ ಟು ಪಾಸ್’ (ಪಾಸಾಗಬೇಕು) ಆಗಿದ್ದರೆ ‘ಹೌದು’ ಎಂದವರು ಮಸೂದೆಯ ಪರ. ‘ಇನ್‌ಎಕ್ಸ್‌ಪೀಡಿಯೆಂಟ್ ಟು ಲೆಜಿಸ್ಲೇಟ್’, ಅಲ್ಲಿನವರ ಬಾಯಲ್ಲಿ ಐಟಿಎಲ್, ಆಗಿದ್ದರೆ ‘ಹೌದು’ ಎಂದವರು ಮಸೂದೆಯನ್ನು ಕೊಲ್ಲುವವರು. 2017ರ ಫೆಬ್ರವರಿಯಲ್ಲಿ ‘ರೈಟ್ ಟು ವರ್ಕ್’ ಮಸೂದೆ, ಅಂದರೆ ಕಾರ್ಮಿಕ ಸಂಘಕ್ಕೆ ಸೇರದವರಿಂದ ಶುಲ್ಕ ವಸೂಲಿ ಮಾಡುವುದನ್ನು ತಡೆಯುವ ಮಸೂದೆ, ಐಟಿಎಲ್ ನಿರ್ಣಯದ ಮೇಲೆ 200–177ರಲ್ಲಿ ಬಿದ್ದುಹೋಯಿತು. ರಿಪಬ್ಲಿಕನ್ ಬಹುಮತ ಇದ್ದ ಸದನ, ಅದೇ ಪಕ್ಷದ ರಾಜ್ಯಪಾಲ ಕ್ರಿಸ್ ಸುನುನು ಅವರ ಬೆಂಬಲ ಬೇರೆ. ಆದರೂ 200ರ ಪಾಳಯದಲ್ಲಿ ಸಾಕಷ್ಟು ರಿಪಬ್ಲಿಕನ್ನರಿದ್ದರು. ಇಂಥ ಕಡೆ ಬರೀ ‘ಹೌದು/ಇಲ್ಲ’ ಕಲಂ ನೋಡಿದವರಿಗೆ ಚಿತ್ರ ತಲೆಕೆಳಗಾಗಿ ಕಾಣುತ್ತದೆ. ಒಳ್ಳೆಯ ಅಂಕಪಟ್ಟಿ ಪ್ರತಿ ಮತದ ಎದುರು ನಿರ್ಣಯದ ಹೆಸರನ್ನೂ ‘ಸರಿ’ ಉತ್ತರವನ್ನೂ ಹಾಕಿರುತ್ತದೆ. ಹಾಕದಿದ್ದರೆ ಆ ಪಟ್ಟಿಯನ್ನು ಅಲ್ಲಿಗೇ ಬಿಡಿ.

ಅದೇ ಮಸೂದೆ ಇನ್ನೊಂದು ತೊಡಕನ್ನೂ ತೋರಿಸುತ್ತದೆ. ಬಿದ್ದ ಬೆನ್ನಿಗೇ, ಆ ವಿಷಯ ಅವಧಿ ಮುಗಿಯುವ ತನಕ ಮತ್ತೆ ತಲೆ ಎತ್ತದಿರಲಿ ಎಂದು ‘ಅನಿರ್ದಿಷ್ಟ ಮುಂದೂಡಿಕೆ’ಯ ನಿರ್ಣಯವನ್ನೂ ಮತಕ್ಕೆ ಹಾಕಿದರು. ವಿಷಯ ಒಂದೇ, ಮತ ಎರಡು. ತಿದ್ದುಪಡಿ, ಬದಿಗಿಡುವ ನಿರ್ಣಯ, ಮರುಪರಿಶೀಲನೆ ಎಲ್ಲ ಸೇರಿದರೆ ಒಂದೇ ಮಸೂದೆಗೆ ನಾಲ್ಕೈದು ಸಲ ಮತ ಬೀಳುವುದುಂಟು. ಎಲ್ಲವನ್ನೂ ಎಣಿಸುವ ಪಟ್ಟಿಯಲ್ಲಿ ಆ ಒಂದು ವಿಷಯದ ತೂಕ ನಾಲ್ಕೈದು ಪಟ್ಟಾಗುತ್ತದೆ. ಗರ್ಭಪಾತ, ಬಂದೂಕು, ಶಾಲಾ ಹಣದಂಥ ಬಿಸಿ ವಿಷಯಗಳಲ್ಲೇ ಹೀಗಾಗುವುದರಿಂದ, ಬಜೆಟ್ ಮತ್ತು ತೆರಿಗೆಯಲ್ಲಿ ಪಕ್ಷದ ಗೆರೆ ದಾಟದೆ, ಇವುಗಳಲ್ಲೊಂದರಲ್ಲಿ ಮಾತ್ರ ಭಿನ್ನವಾಗಿ ನಿಂತವರ ಅಂಕ ವಿನಾಕಾರಣ ನೆಲ ಕಚ್ಚುತ್ತದೆ. ಒಂದು ಮಸೂದೆಗೆ ಒಂದೇ ಮತ, ಅದೂ ಅದರ ಹಣೆಬರಹ ನಿಜವಾಗಿ ತೀರ್ಮಾನವಾದ ಮತ ಎಂದು ಹಿಡಿದು ಮತ್ತೆ ಲೆಕ್ಕ ಹಾಕಿದರೆ ಸರಿಹೋಗುತ್ತದೆ.

ಗೈರುಹಾಜರಿಯ ಲೆಕ್ಕ ಇನ್ನೂ ಗೋಜಲು. ಉದಾಹರಣೆಗೆ, ಪಟ್ಟಿಯಲ್ಲಿ 40 ಮತ. ಒಬ್ಬ ಸದಸ್ಯೆ 27ರಲ್ಲಿ ‘ಸರಿ’, 5ರಲ್ಲಿ ‘ತಪ್ಪು’, 8ಕ್ಕೆ ಬಂದಿಲ್ಲ ಅಂದುಕೊಳ್ಳಿ. ಬಂದ ದಿನಗಳನ್ನಷ್ಟೇ ಎಣಿಸಿದರೆ 32ಕ್ಕೆ 27, ಅಂದರೆ 84.4. ಗೈರನ್ನು ತಪ್ಪೆಂದು ಎಣಿಸಿದರೆ 40ಕ್ಕೆ 27, ಅಂದರೆ 67.5. ಅರ್ಧ ಅಂಕ ಕೊಟ್ಟರೆ 77.5. ವ್ಯಕ್ತಿ ಒಬ್ಬರೇ, ಶ್ರೇಣಿ ಮೂರು. ರಾಷ್ಟ್ರ ಮಟ್ಟದಲ್ಲಿ 1947ರಿಂದ ಇರುವ ಅಮೆರಿಕನ್ಸ್ ಫಾರ್ ಡೆಮಾಕ್ರಟಿಕ್ ಆ್ಯಕ್ಷನ್ ಎಂಬ ಸಂಘಟನೆ ವರ್ಷಕ್ಕೆ 20 ಮತ ಆರಿಸಿ, ಗೈರಾದವರಿಗೆ ಅಂಕ ಕೊಡದೆ ಲೆಕ್ಕ ಹಾಕುವುದಕ್ಕೆ ಹೆಸರಾದದ್ದು. ಅಲ್ಲಿ ಒಂದು ಮತ ತಪ್ಪಿದರೆ 5 ಅಂಕ ಹೋಯಿತು.

ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಗೈರನ್ನು ಪೂರ್ತಿ ಕ್ಷಮಿಸುವುದೂ ಸರಿಯಲ್ಲ. 2022ರ ಚುನಾವಣೆ ನಂತರ ರಿಪಬ್ಲಿಕನ್ನರು 201, ಡೆಮಾಕ್ರಾಟರು 199 ಎಂಬಷ್ಟು ಅಂಚಿನ ಸದನವಾಗಿತ್ತು. ಆ ದಿನ ಯಾರು ಬಂದರು ಎನ್ನುವುದರ ಮೇಲೆಯೇ ಮಸೂದೆಗಳ ಭವಿಷ್ಯ ನಿಂತಿತ್ತು. ಹೀಗಾಗಿ ಗೈರಿನ ಬಗೆ ನೋಡಬೇಕು. ಶಾಸಕಾಂಗದ ದಾಖಲೆಯಲ್ಲಿ ಅನುಮತಿ ಪಡೆದು ಗೈರಾದವರು, ಸುಮ್ಮನೆ ಮತ ಹಾಕದವರು, ಹಿತಾಸಕ್ತಿಯ ಕಾರಣಕ್ಕೆ ಹಿಂದೆ ಸರಿದವರು, ಪೀಠದಲ್ಲಿ ಕೂತಿದ್ದವರು ಎಂದು ಬೇರೆ ಬೇರೆ ಗುರುತುಗಳಿವೆ. ಅನುಮತಿಯ ಗೈರನ್ನು ಲೆಕ್ಕದಿಂದ ಬಿಡಿ. ‘ಮತ ಹಾಕಲಿಲ್ಲ’ ಎಂಬುದು ಬೆಳಿಗ್ಗೆಯ ಮತಗಳಲ್ಲಿ ಇಲ್ಲದೆ ಮಧ್ಯಾಹ್ನದ ಒಂದೇ ಒಂದು ಮುಜುಗರದ ಮಸೂದೆಗೆ ಮಾತ್ರ ಕಂಡರೆ ಅನುಮಾನ ಪಡಿ. ಸಭಾಧ್ಯಕ್ಷರಿಗೆ ಅಂಕವೇ ಬೇಡ. ಸಮಬಲ ಬಂದರೆ ಹೊರತು ಸಾಮಾನ್ಯವಾಗಿ ಅವರು ಮತ ಹಾಕುವುದಿಲ್ಲ.

ಒಂದು ಚಿಕ್ಕ ವಿಷಯ, ಆದರೆ ಹೆಚ್ಚು ಜನಕ್ಕೆ ಗೊತ್ತಿಲ್ಲ. ಸದನದ ನಡಾವಳಿಯಲ್ಲಿ ಅಲ್ಲಲ್ಲಿ ‘ಇಂಥ ಪ್ರತಿನಿಧಿ ಇಲ್ಲ ಎಂದು ಮತ ಹಾಕಿದ್ದಾರೆ, ಹೌದು ಎಂದು ಹಾಕುವ ಉದ್ದೇಶವಿತ್ತು’ ಎಂಬ ಒಂದು ಸಾಲಿನ ಟಿಪ್ಪಣಿ ಇರುತ್ತದೆ. ಗುಂಡಿ ತಪ್ಪಿ ಒತ್ತಿದವರು ಬರೆಸುವ ಟಿಪ್ಪಣಿ ಅದು. ಎಣಿಕೆ ಬದಲಾಗುವುದಿಲ್ಲ, ಅಂಕಪಟ್ಟಿ ಮಾಡುವವರು ಎಣಿಕೆಯ ಕಡತವನ್ನಷ್ಟೇ ಎತ್ತಿಕೊಂಡರೆ ಟಿಪ್ಪಣಿ ಕಣ್ಣಿಗೇ ಬೀಳುವುದಿಲ್ಲ. ಶಿಸ್ತಿನ ಸದಸ್ಯರೊಬ್ಬರ ಸಾಲಿನಲ್ಲಿ ಎಲ್ಲಿಯೂ ಹೊಂದದ ಒಂದು ಒಂಟಿ ‘ತಪ್ಪು’ ಕಂಡರೆ ಮೊದಲು ಆ ದಿನದ ನಡಾವಳಿ ತೆಗೆದು ನೋಡಿ.

ಪಟ್ಟಿಗೆ ಬರದ ಮತಗಳೇ ಹೆಚ್ಚು ಎನ್ನುವುದನ್ನೂ ಮರೆಯಬಾರದು. ಧ್ವನಿಮತದಲ್ಲಿ ಹೆಸರಿಲ್ಲ. ವಿಭಜನೆ ಕೇಳಿದರೆ ಯಂತ್ರ ಒಟ್ಟು ಸಂಖ್ಯೆ ಕೊಡುತ್ತದೆ, ಅಲ್ಲೂ ಹೆಸರಿಲ್ಲ. ರೋಲ್ ಕಾಲ್ ಆದರೆ ಮಾತ್ರ ಯಾರು ಏನು ಎಂಬುದು ದಾಖಲಾಗುತ್ತದೆ. ರೋಲ್ ಕಾಲ್ ಕೇಳುವವರು ಸಾಮಾನ್ಯವಾಗಿ ಎದುರಿನವರನ್ನು ಸಿಕ್ಕಿಸಲೆಂದೇ ಕೇಳುತ್ತಾರೆ. ತಕರಾರಿಲ್ಲದ ಮಸೂದೆಗಳು ಒಮ್ಮತದ ಪಟ್ಟಿಯಲ್ಲಿ ಒಟ್ಟಿಗೇ ಪಾಸಾಗುತ್ತವೆ. ಹೀಗೆ ಅಂಕ ಸಿಗುವುದು ಜಗಳದ ಮಸೂದೆಗಳ ಮೇಲೆ ಮಾತ್ರ. ಸಮಿತಿಯಲ್ಲಿ ಕೂತು ಕೆಟ್ಟ ಮಸೂದೆಯ ಹಲ್ಲು ಕಿತ್ತ ಸದಸ್ಯರ ಕೆಲಸಕ್ಕೆ ಇಲ್ಲಿ ಸೊನ್ನೆ.

ಇನ್ನು ‘ತತ್ವ’ದ ವಿಷಯ. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಪ್ರಣಾಳಿಕೆಯನ್ನು ಅಂಗೀಕರಿಸುವುದು ಪ್ರಾಥಮಿಕ ಚುನಾವಣೆಯ (ಪಕ್ಷದ ಅಭ್ಯರ್ಥಿ ಯಾರೆಂದು ಮತದಾರರೇ ಆರಿಸುವ ಸುತ್ತಿನ) ನಂತರ ಸೇರುವ ಪಕ್ಷದ ರಾಜ್ಯ ಸಮಾವೇಶ; ಆಗಷ್ಟೇ ಗೆದ್ದ ಅಭ್ಯರ್ಥಿಗಳೂ ಅದರಲ್ಲಿ ಪ್ರತಿನಿಧಿಗಳು. ಹಾಗಾಗಿ ‘ನೀವೇ ಒಪ್ಪಿದ ಪ್ರಣಾಳಿಕೆ ಇದು’ ಎಂದು ಕೇಳಲು ಮತದಾರರಿಗೆ ಹಕ್ಕಿದೆ. ಆದರೆ ಪ್ರಣಾಳಿಕೆ ಬರೆಯುವುದು ಎಲ್ಲ ಬಣವನ್ನೂ ಸಮಾಧಾನ ಮಾಡಲು, ಒಂದು ಸಾಲು ಇನ್ನೊಂದನ್ನು ಕಚ್ಚುವುದು ಮಾಮೂಲು. ಮರಣದಂಡನೆ ರದ್ದತಿಯನ್ನೇ ನೋಡಿ. 2019ರ ಮೇ ತಿಂಗಳಲ್ಲಿ ಸುನುನು ಅವರ ವೀಟೋವನ್ನು ಕೆಳಮನೆ 247–123ರಲ್ಲಿ, ಮೇಲ್ಮನೆ 16–8ರಲ್ಲಿ ತಳ್ಳಿಹಾಕಿತು. ಎರಡೂ ಕಡೆ ಮೂರನೇ ಎರಡರಷ್ಟು ಬೇಕಿತ್ತು. ಮೇಲ್ಮನೆಯಲ್ಲಿ ಒಂದು ಮತ ಕಡಿಮೆಯಾಗಿದ್ದರೂ ಆಗುತ್ತಿರಲಿಲ್ಲ. ರದ್ದತಿಗೆ ಮತ ಕೊಟ್ಟ ರಿಪಬ್ಲಿಕನ್ನರು ‘ಜೀವ ತೆಗೆಯುವ ಅಧಿಕಾರ ಸರ್ಕಾರಕ್ಕೆ ಬೇಡ’ ಎಂದು ಸೀಮಿತ ಸರ್ಕಾರದ ತತ್ವವನ್ನೇ ಮುಂದಿಡಬಹುದು, ವಿರೋಧಿಸಿದವರು ಕಾನೂನು-ಸುವ್ಯವಸ್ಥೆಯ ತತ್ವವನ್ನು. ಇದನ್ನು ‘ಸರಿ’ ಎಂದರೂ ‘ತಪ್ಪು’ ಎಂದರೂ ಪಟ್ಟಿ ಅಳೆಯುವುದು ಪಕ್ಷದ ತತ್ವವನ್ನಲ್ಲ, ಪಟ್ಟಿ ಮಾಡಿದವರ ಒಲವನ್ನು. ರೇಟಿಂಗ್ ಕೊಡುವ ಗುಂಪಿನ ಸದಸ್ಯರೇ ರೇಟಿಂಗ್ ಪಡೆಯುವವರೂ ಆಗಿದ್ದರೆ ಇದು ಇನ್ನಷ್ಟು ಬಿಗಡಾಯಿಸುತ್ತದೆ.

ಹೆಚ್ಚಿನವರು ಗಮನಿಸದ ದೋಷ ಮತ ಆರಿಸುವ ರೀತಿಯಲ್ಲಿದೆ. ರಾಜ್ಯಶಾಸ್ತ್ರಜ್ಞ ಜೇಮ್ಸ್ ಸ್ನೈಡರ್ 1992ರಲ್ಲೇ ಇದನ್ನು ತೋರಿಸಿದ್ದರು: ಸದನ ಒಂದೇ ಜಾಗದಲ್ಲಿ ಸೀಳುವ ಮತಗಳನ್ನೇ ಆರಿಸಿದರೆ ಸದಸ್ಯರು 0ರ ಹತ್ತಿರ, 100ರ ಹತ್ತಿರ ಗುಡ್ಡೆಯಾಗುತ್ತಾರೆ, ನಡುವೆ ಯಾರೂ ಉಳಿಯುವುದಿಲ್ಲ. ಅದು ಅವರ ಉಗ್ರತೆಯಲ್ಲ, ಆಯ್ಕೆಯ ಫಲ. ಅಡ್ಡಗೋಡೆಯ ಎತ್ತರವನ್ನು ಒಂದೇ ಅಳತೆಗೆ ಇಟ್ಟು ಹತ್ತು ಸಲ ಹಾರಿಸಿದ ಹಾಗೆ. ಹಾರಿದವರೆಲ್ಲ ಸಮಾನರು, ಹಾರದವರೆಲ್ಲ ಸಮಾನರು. ಹಾಗಾಗಿ 92 ಮತ್ತು 96ರ ನಡುವೆ ವ್ಯತ್ಯಾಸ ಹುಡುಕಬೇಡಿ. ಬೇರೆ ವರ್ಷದ, ಬೇರೆ ಮನೆಯ, ಬೇರೆ ರಾಜ್ಯದ ಅಂಕದ ಜೊತೆಗಂತೂ ಹೋಲಿಸಲೇಬೇಡಿ. ರಾಜ್ಯ ರಾಜ್ಯಗಳ ಹೋಲಿಕೆಗೆ ಬೋರಿಸ್ ಶೋರ್ ಮತ್ತು ನೋಲನ್ ಮೆಕಾರ್ಟಿ 2011ರಲ್ಲಿ ಪ್ರಕಟಿಸಿದ ಬೇರೆಯದೇ ವಿಧಾನ ಇದೆ, ಅದು ಶಾಸಕರ ಸಮೀಕ್ಷೆಯ ಉತ್ತರಗಳನ್ನು ಸೇತುವೆಯಾಗಿ ಬಳಸುತ್ತದೆ.

ಕರ್ನಾಟಕದಿಂದ ಹೋಗಿ ಅಲ್ಲಿನ ನ್ಯಾಶುವಾ ನಗರದ ಕಡೆ ನೆಲೆಸಿದವರು ಈ ಪಟ್ಟಿಯಲ್ಲಿ 75 ನೋಡಿ ‘ಬಂಡಾಯ ಶಾಸಕ’ ಅಂದುಕೊಳ್ಳುವುದು ಸಹಜ. ನಮ್ಮಲ್ಲಿ 1985ರ ಹತ್ತನೇ ಅನುಸೂಚಿ (ಪಕ್ಷಾಂತರ ನಿಷೇಧ ಕಾನೂನು) ಬಂದ ಮೇಲೆ ವಿಪ್ ಮೀರಿ ಮತ ಹಾಕಿದರೆ, ಅನುಮತಿ ಇಲ್ಲದೆ ಗೈರಾದರೂ ಸೈ, 15 ದಿನದೊಳಗೆ ಪಕ್ಷ ಮನ್ನಿಸದಿದ್ದರೆ ಶಾಸಕತ್ವಕ್ಕೇ ಕುತ್ತು. ಮಸೂದೆಗಳು ಬಹುಪಾಲು ಧ್ವನಿಮತದಲ್ಲೇ ಪಾಸು. ಎಲ್ಲರಿಗೂ 100 ಬರುವ ಪರೀಕ್ಷೆಗೆ ಅಂಕಪಟ್ಟಿ ಯಾಕೆ? ವಿಪ್ ಮೀರಿದರೂ ಅನರ್ಹತೆ ತಟ್ಟದ ರಾಜ್ಯಸಭಾ ಚುನಾವಣೆಯಲ್ಲಿ ಮಾತ್ರ ಒಳಗಿನದು ಹೊರಗೆ ಬರುತ್ತದೆ: 2024ರ ಫೆಬ್ರವರಿಯಲ್ಲಿ ಬಿಜೆಪಿಯ ಎಸ್.ಟಿ. ಸೋಮಶೇಖರ್ ಅಡ್ಡಮತ ಹಾಕಿದರು, ಶಿವರಾಮ್ ಹೆಬ್ಬಾರ್ ಮತಕ್ಕೇ ಬರಲಿಲ್ಲ. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಪಕ್ಷ ಹೀಗೆ ಸದಸ್ಯತ್ವ ಕಿತ್ತುಕೊಳ್ಳುವಂತಿಲ್ಲ. ಶಿಕ್ಷೆ ಏನಿದ್ದರೂ ಮುಂದಿನ ಪ್ರಾಥಮಿಕ ಚುನಾವಣೆಯಲ್ಲಿ, ಮತದಾರರ ಕೈಯಲ್ಲಿ. ಅಲ್ಲಿ ಯಾವ ಪಕ್ಷಕ್ಕೂ ನೋಂದಾಯಿಸದವರೂ ಒಂದು ಪಕ್ಷದ ಮತಪತ್ರ ಕೇಳಿ ಪಡೆಯಬಹುದು.

ಬಳಸುವ ಕ್ರಮ ಇಷ್ಟು. ಶಾಸಕಾಂಗದ ಜಾಲತಾಣದಿಂದ ನಿಮ್ಮ ಕ್ಷೇತ್ರದ ಸದಸ್ಯರ ರೋಲ್ ಕಾಲ್‌ಗಳನ್ನು ಇಳಿಸಿಕೊಂಡು ಸ್ಪ್ರೆಡ್‌ಶೀಟ್‌ಗೆ ಹಾಕಿ. ಮಸೂದೆ ಸಂಖ್ಯೆ, ದಿನಾಂಕ, ನಿರ್ಣಯದ ಹೆಸರು, ಮತ, ಎರಡೂ ಅಂಕಪಟ್ಟಿಗಳ ‘ಸರಿ’ ಉತ್ತರ, ಪಕ್ಷದ ಬಹುಸಂಖ್ಯಾತರ ಮತ: ಈ ಕಲಂಗಳು ಸಾಕು. ಕೊನೆಯದನ್ನು ಬಿಡಬೇಡಿ. ನಾಯಕತ್ವದ ಹಿಂದೆ ಹೋಗುವುದು ಬೇರೆ, ಪ್ರಣಾಳಿಕೆಯ ಹಿಂದೆ ಹೋಗುವುದು ಬೇರೆ. ಎರಡೂ ಕಲಂ ಅಕ್ಕಪಕ್ಕ ಇದ್ದರೇ ಅದು ಕಾಣುವುದು. ಬಳಿಕ ಸದಸ್ಯರು ಎರಡೂ ಪಟ್ಟಿಗಳ ಪ್ರಕಾರ ‘ತಪ್ಪಿದ’ ಸಾಲುಗಳನ್ನು ಮಾತ್ರ ಉಳಿಸಿ. ಹೆಚ್ಚೆಂದರೆ ನಾಲ್ಕೈದು ಉಳಿಯುತ್ತವೆ. ಆ ಮಸೂದೆಗಳ ಸಮಿತಿ ವರದಿ ಓದಿ. ಬಹುಮತದ ಕಾರಣ, ಭಿನ್ನಮತ ಇದ್ದರೆ ಅದರ ಕಾರಣ, ಎರಡನ್ನೂ ಸದನದ ಕ್ಯಾಲೆಂಡರ್‌ನಲ್ಲಿ ಒಂದೊಂದು ಪ್ಯಾರಾದಲ್ಲಿ ಕೊಟ್ಟಿರುತ್ತಾರೆ. ನಂತರ ಸದಸ್ಯರಿಗೇ ಇಮೇಲ್ ಹಾಕಿ, ಮಸೂದೆ ಸಂಖ್ಯೆ ನಮೂದಿಸಿ ಕೇಳಿ. 3,400 ಜನಕ್ಕೊಬ್ಬರು, ಸಿಬ್ಬಂದಿ ಇಲ್ಲದವರು. ಉತ್ತರ ಬಂದರೆ ಅವರ ಕೈಯಿಂದಲೇ ಬಂದಿರುತ್ತದೆ.

ಅಂಕಪಟ್ಟಿಯ ಪಿಡಿಎಫ್ ಅನ್ನು ಎರಡು ಸಲ ಉಳಿಸಿಕೊಳ್ಳಿ: ಮತದಾನಕ್ಕೆ ಮುಂಚಿನ ಶಿಫಾರಸು ಹಾಳೆ ಒಮ್ಮೆ, ಬೇಸಿಗೆಯಲ್ಲಿ ಬರುವ ಅಂತಿಮ ಪಟ್ಟಿ ಇನ್ನೊಮ್ಮೆ. ಮೊದಲಿನದರಲ್ಲಿ ಇದ್ದು ಎರಡನೆಯದರಲ್ಲಿ ಬಿಟ್ಟುಹೋದ ಮಸೂದೆಗಳನ್ನು ಗುರುತು ಹಾಕಿ, ಅವುಗಳಲ್ಲಿ ಯಾರ್ಯಾರು ‘ತಪ್ಪು’ ಮತ ಹಾಕಿದ್ದರು ಎಂದು ರೋಲ್ ಕಾಲ್‌ನಲ್ಲಿ ನೋಡಿ.